ಅಣ್ಣನ ಹೆಸರು ಹೊತ್ತವನು

ಕಬ್ಬಾಳಿನಲ್ಲಿ ಆನೆಯ ಮಾತಿಗೆ ಪೀಠಿಕೆ ಬೇಕಿಲ್ಲ. ರಾಗಿ ಬಲಿಯುವ ಹೊತ್ತಿನಲ್ಲಿ ದುರ್ಗದ ತಪ್ಪಲ ಕಡೆಯಿಂದ ಪಟಾಕಿ ಸದ್ದು ಬಂದರೆ ಹಬ್ಬವಲ್ಲ, ಹಿಂಡು ಇಳಿದಿದೆ ಅಂತಲೇ ಅರ್ಥ. ಅಂಥದೊಂದು ರಾತ್ರಿ ನಿದ್ದೆ ಬಾರದೆ ಮೊಬೈಲಿನಲ್ಲಿ 1937ರ 'ಎಲಿಫೆಂಟ್ ಬಾಯ್' ಸಿನಿಮಾ ಹಾಕಿಕೊಂಡು ಕೂತೆ. ಮುಂಡಾಸು ಸುತ್ತಿದ ಹುಡುಗನೊಬ್ಬ ನೇರವಾಗಿ ನನ್ನನ್ನೇ ನೋಡುತ್ತ ಇಂಗ್ಲಿಷಿನಲ್ಲಿ ಮಾತಾಡತೊಡಗಿದ. ನಮ್ಮ ಹೆಗ್ಗಡದೇವನಕೋಟೆ ಕಡೆಯ ಕಾರಾಪುರದ ಹುಡುಗ. ಮುಂದೆ ಅಮೆರಿಕದ ನಟನಾಗಿ, ಅಮೆರಿಕದ ಮಣ್ಣಿನಲ್ಲೇ ಮಲಗಿದವನು. ಅವನ ಪೂರ್ತಿ ಹೆಸರೇನೆಂದು ತಿಳಿಯುವ ಸಣ್ಣ ಕುತೂಹಲ ನನ್ನನ್ನು ಎರಡು ವರ್ಷ ಅಲೆಸಿತು.

ಕೋಶಗಳನ್ನು ತೆರೆದರೆ ಹೆಚ್ಚಿನವು 'ಸಾಬು ದಸ್ತಗೀರ್' ಎನ್ನುತ್ತವೆ. ಜನನ 1924ರ ಜನವರಿ 27. ತಂದೆ ಮೈಸೂರು ಸಂಸ್ಥಾನದ ಮಾವುತ. ಇಷ್ಟರಲ್ಲೇ ತೃಪ್ತನಾಗಬಹುದಿತ್ತು. ಆದರೆ ಸಾಬುವಿನ ಜೀವನವನ್ನು ಬೆನ್ನುಹತ್ತಿದ ಫಿಲಿಪ್ ಲೀಬ್‌ಫ್ರೀಡ್ ಎಂಬ ಅಮೆರಿಕನ್ ಲೇಖಕನ ಮಾತು ಕಣ್ಣಿಗೆ ಬಿತ್ತು: ದಸ್ತಗೀರ್ ಎಂಬುದು ಅವನ ಹೆಸರಲ್ಲ, ಅಣ್ಣನ ಹೆಸರು. ಶೇಖ್ ದಸ್ತಗೀರ್ ತಮ್ಮನ ಜೊತೆಗೇ ಹಡಗು ಹತ್ತಿ ಲಂಡನ್ನಿಗೆ ಹೋದವನು, ಅವನ ವ್ಯವಹಾರ ನೋಡಿಕೊಂಡವನು. ನಮ್ಮ ಕಡೆಯ ಮನೆಗಳಲ್ಲಿ ಮನೆತನದ ಹೆಸರು ಅಂತ ಪ್ರತ್ಯೇಕವಾಗಿ ಇರುವುದೇ ಅಪರೂಪ. ಎರಡನೇ ಹೆಸರು ಕೇಳುವ ಪರದೇಶದ ಕಾಗದದಲ್ಲಿ ಜೊತೆಗಿದ್ದ ಅಣ್ಣನ ಹೆಸರೇ ತಮ್ಮನ ಬೆನ್ನಿಗೆ ಅಂಟಿಕೊಂಡದ್ದು ನನಗೆ ಆಶ್ಚರ್ಯವೆನಿಸಲಿಲ್ಲ.

ಅಲ್ಲಿಂದ ಹಿಂದಕ್ಕೆ ಹೋದೆ. ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಕಿಪ್ಲಿಂಗ್ ಬರೆದ ಆನೆಗಳ ತೂಮೈ ಕಥೆಯನ್ನು ಚಿತ್ರ ಮಾಡಲು 1935ರಲ್ಲಿ ಮೈಸೂರಿಗೆ ಬಂದ. ಹಣ ಲಂಡನ್ನಿನ ಅಲೆಕ್ಸಾಂಡರ್ ಕೋರ್ಡಾನದು. ಫ್ಲಾಹರ್ಟಿಯ ಹೆಂಡತಿ ಫ್ರಾನ್ಸಿಸ್ ಜೊತೆಗಿದ್ದಳು. ಆಕೆ ಮೈಸೂರಿನಿಂದ ತನ್ನ ಹೆಣ್ಣುಮಕ್ಕಳಿಗೆ ಬರೆದ ಪತ್ರಗಳು 1937ರಲ್ಲಿ 'ಎಲಿಫೆಂಟ್ ಡ್ಯಾನ್ಸ್' ಎಂಬ ಪುಸ್ತಕವಾದವು. ಈ ಹುಡುಕಾಟದಲ್ಲಿ ನನಗೆ ಸಿಕ್ಕ ದಾಖಲೆಗಳಲ್ಲಿ ಅದೇ ಹೆಚ್ಚು ಬೆಲೆಬಾಳುವಂಥದು. ಅಧಿಕಾರಿಯ ವರದಿಯಲ್ಲಿ ಸಿಗದ ಬಿಸಿಲು, ಧೂಳು, ಕಾಯುವಿಕೆ ಎಲ್ಲವೂ ತಾಯಿ ಮಕ್ಕಳಿಗೆ ಬರೆದ ಕಾಗದದಲ್ಲಿ ಸಿಗುತ್ತವೆ. ಹುಡುಗನನ್ನು ಮೊದಲು ಗುರುತಿಸಿದ ಶ್ರೇಯ ಕ್ಯಾಮರಾಮನ್ ಆಸ್ಮಂಡ್ ಬೊರಾಡೈಲ್‌ಗೆ ಸಲ್ಲುತ್ತದೆ. ತಂದೆಯಿಲ್ಲದೆ, ಮಹಾರಾಜರ ಆನೆಲಾಯದ ಆಸರೆಯಲ್ಲಿ ಬೆಳೆಯುತ್ತಿದ್ದ ಹುಡುಗ. ಚಿತ್ರದ ಕಾಳನಾಗನಾಗಿ ನಟಿಸಿದ್ದು ಅರಮನೆಯ ಆನೆ ಐರಾವತ. ಗೊಮ್ಮಟನ ಪಾದದಡಿ ಪುಟ್ಟ ಮಾವುತ ನಿಂತು ಬೇಡಿಕೊಳ್ಳುವ ದೃಶ್ಯವೊಂದಿದೆ. ಆ ಕಲ್ಲಿನ ಎತ್ತರ, ಈ ಮಗುವಿನ ಗಾತ್ರ ಒಟ್ಟಿಗೆ ಕಂಡಾಗ ಎದೆ ತುಂಬಿ ಬಂತು.

ಉಳಿದ ಭಾಗ ಚಿತ್ರಿಸಲು 1936ರಲ್ಲಿ ಹುಡುಗನನ್ನು ಇಂಗ್ಲೆಂಡಿಗೆ ಕರೆದೊಯ್ದರು. ಚಿತ್ರಕ್ಕೆ ವೆನಿಸ್‌ನಲ್ಲಿ ನಿರ್ದೇಶನದ ಪ್ರಶಸ್ತಿ ಬಂತು. ಮುಂದಿನದು ಬಹಳ ಮಂದಿಗೆ ಗೊತ್ತಿರುವ ಕಥೆ: 1938ರಲ್ಲಿ 'ದಿ ಡ್ರಮ್', 1940ರಲ್ಲಿ 'ದಿ ಥೀಫ್ ಆಫ್ ಬಾಗ್ದಾದ್'. ಯುದ್ಧದಿಂದಾಗಿ ಆ ಚಿತ್ರದ ಕೆಲಸ ಅಮೆರಿಕಕ್ಕೆ ಹೋಯಿತು, ಸಾಬುವೂ ಅಲ್ಲೇ ನೆಲೆಯೂರಿದ. 1942ರ 'ಜಂಗಲ್ ಬುಕ್'ನ ಮೊಗ್ಲಿ ಅವನೇ. ಅವನಲ್ಲಿದ್ದ ನಟನಿಗೆ ಹಾಲಿವುಡ್ ನ್ಯಾಯ ಕೊಡಲಿಲ್ಲ ಎಂದು ನಾನು ನಂಬುತ್ತೇನೆ. ಹುಡುಗ ಗಂಡಸಾದ ಮೇಲೂ ಅವನಿಗೆ ಕೊಟ್ಟದ್ದು ಅದೇ ಕಾಡು, ಅದೇ ಮುಂಡಾಸು. 1947ರ 'ಬ್ಲ್ಯಾಕ್ ನಾರ್ಸಿಸಸ್'ನ ಯುವರಾಜನ ಪಾತ್ರದಲ್ಲಿ ಮಾತ್ರ ಬೇರೊಬ್ಬ ಸಾಬು ಇಣುಕುತ್ತಾನೆ.

ನನ್ನನ್ನು ಹೆಚ್ಚು ಕಾಡಿದ್ದು 1944 ಎಂಬ ಇಸವಿ. ಆ ವರ್ಷ ಸಾಬು ಅಮೆರಿಕದ ಪೌರನಾದ. ಅದು ಹೇಗೆ ಸಾಧ್ಯ? ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 1923ರಲ್ಲೇ ಭಾರತೀಯರು ಬಿಳಿಯರಲ್ಲ, ಆದ್ದರಿಂದ ಅವರಿಗೆ ಪೌರತ್ವವಿಲ್ಲ ಎಂದು ಬಾಗಿಲು ಹಾಕಿತ್ತು. ಲೂಸ್-ಸೆಲ್ಲರ್ ಕಾಯ್ದೆ ಬಂದು ಬಾಗಿಲು ತೆರೆದದ್ದು 1946ರಲ್ಲಿ. ನಡುವೆ ಇವನು ಒಳಗೆ ಹೋದದ್ದು ಎಲ್ಲಿಂದ? ವಾರಗಟ್ಟಲೆ ಓದಿದ ಮೇಲೆ ಒಂದು ಕಿಂಡಿ ಕಂಡಿತು. 1942ರ ಯುದ್ಧಕಾಲದ ಕಾಯ್ದೆಯೊಂದು ಅಮೆರಿಕದ ಸೇನೆಯಲ್ಲಿ ದುಡಿಯುವ ಪರದೇಶಿಗಳಿಗೆ ಬಣ್ಣ, ಜನಾಂಗ ನೋಡದೆ ಪೌರತ್ವ ಕೊಡಲು ಅವಕಾಶ ಮಾಡಿತ್ತು. ಪೌರನಾದ ಮೇಲೆ ಸೇನೆ ಸೇರಿದ ಎಂದು ಬರೆಯುವವರಿದ್ದಾರೆ. ಕಾನೂನಿನ ಹಾದಿ ನೋಡಿದರೆ ಸೇನೆಯೇ ಅವನಿಗೆ ಪೌರತ್ವದ ಬಾಗಿಲಾಯಿತು ಅನ್ನುವುದು ನನ್ನ ಊಹೆ. ಬಿ-24 ಬಾಂಬರ್ ವಿಮಾನದಲ್ಲಿ ಬಂದೂಕುಗಾರನಾಗಿ ಪೆಸಿಫಿಕ್ ಸಾಗರದ ಮೇಲೆ ಹಾರಿದ, ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಪಡೆದ. ಇಪ್ಪತ್ತರ ಪ್ರಾಯ ಆಗ ಅವನಿಗೆ.

ಆ ಪೌರತ್ವವೇ ತಿರುಗಿ ಬಡಿದದ್ದು ತಾಯ್ನೆಲದಲ್ಲಿ. ಮೆಹಬೂಬ್ ಖಾನ್ 'ಮದರ್ ಇಂಡಿಯಾ'ದ ಬಿರ್ಜು ಪಾತ್ರಕ್ಕೆ ಸಾಬುವನ್ನು ಬಯಸಿದ್ದರು. ಅವನು ಲಾಸ್ ಏಂಜಲೀಸ್‌ನಿಂದ ಬಂದು ಹೋಟೆಲಿನಲ್ಲಿ ಕಾದು ಕೂತ. ಚಿತ್ರೀಕರಣ ತಡವಾಯಿತು, ಕೆಲಸದ ಪರವಾನಗಿಗೂ ತೊಡಕಾಯಿತು, ಕೊನೆಗೆ ಪಾತ್ರ ಸುನಿಲ್ ದತ್ತರ ಪಾಲಾಯಿತು. ಕಾರಾಪುರದಲ್ಲಿ ಹುಟ್ಟಿದವನಿಗೆ ಇಲ್ಲಿ ಕೆಲಸ ಮಾಡಲು ಪರವಾನಗಿ! ಈ ಸಾಲು ಓದಿದ ದಿನ ಪುಸ್ತಕ ಮುಚ್ಚಿ ಹೊರಗೆ ಬಂದು ಬಹಳ ಹೊತ್ತು ಜಗಲಿ ಮೇಲೆ ಕೂತಿದ್ದೆ. ಅದಕ್ಕೂ ಮುಂಚೆ ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಅವನು ಮತ್ತೆ ಆನೆಗಳ ಜೊತೆ ನಿಂತಿದ್ದ. ಅದನ್ನು ಇಳಿಗಾಲ ಎಂದು ಬರೆದವರೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ತಿಳಿದ ಕೆಲಸಕ್ಕೆ ಮರಳಿದ, ಅಷ್ಟೇ.

1963ರ ಡಿಸೆಂಬರ್ 2ರಂದು ಹೃದಯಾಘಾತದಿಂದ ತೀರಿಕೊಂಡ. ನಲವತ್ತು ತುಂಬಿರಲಿಲ್ಲ. ಹೆಂಡತಿ ಮೇರಿಲಿನ್ ಕೂಪರ್, ಇಬ್ಬರು ಮಕ್ಕಳು. ಕೊನೆಯ ಚಿತ್ರ 'ಎ ಟೈಗರ್ ವಾಕ್ಸ್' ತೆರೆಗೆ ಬಂದದ್ದು ಮರುವರ್ಷ.

ಟಿಪ್ಪಣಿಯ ಪುಸ್ತಕ ತುಂಬಿದ ಮೇಲೆ ಒಂದು ಸಂಜೆ ಪಕ್ಕದ ಮನೆಯ ಹಿರಿಯರನ್ನು ಕರೆದು ಆ ಸಿನಿಮಾ ತೋರಿಸಿದೆ. ಆನೆ ಓಡಿಸಲು ಕಾಡಂಚಿನಲ್ಲಿ ವರ್ಷಗಟ್ಟಲೆ ರಾತ್ರಿ ಕಾವಲು ಕೂತವರು ಅವರು. ಇಂಗ್ಲಿಷು ಬಾರದು, ಮಾತಿನ ಕಡೆಗೆ ಅವರ ಗಮನವೂ ಇರಲಿಲ್ಲ. ಹುಡುಗ ಐರಾವತನ ಕುತ್ತಿಗೆ ಮೇಲೆ ಕೂತ ಕಡೆ ತಟ್ಟನೆ ನಿಲ್ಲಿಸಲು ಹೇಳಿ ಪರದೆಯ ಮೇಲೆ ಬೆರಳಿಟ್ಟರು.

"ಮೇಷ್ಟ್ರೇ, ಇವ್ನ ಕಾಲು ನೋಡಿ. ಕಿವಿ ಹಿಂದೆ ಹೆಂಗೆ ಇಟ್ಕೊಂಡವ್ನೆ. ಇದು ಸಿನಿಮಾದೋರು ಕಲಿಸಿದ್ದಲ್ಲ ಕಣಿ."

ಅಷ್ಟು ಕಾಗದ ತಿರುವಿದ ನಾನು ಆ ಕಾಲನ್ನು ನೋಡಿರಲಿಲ್ಲ. ಹಿಂದಕ್ಕೆ ಒಯ್ದು ಮತ್ತೊಮ್ಮೆ ಹಾಕಿದೆ. ಅವರು ಮೊಬೈಲನ್ನು ಕೈಗೆ ತೆಗೆದುಕೊಂಡು ಕಣ್ಣಿಗೆ ಹತ್ತಿರ ಹಿಡಿದರು.

"ಆನೆ ಹೆಸರೇನು?"

"ಐರಾವತ."

"ಹುಡುಗುಂದು?"

"ಸಾಬು" ಅಂದೆ.