ನೆಲಮಾಳಿಗೆಯ ಮಣ್ಣು, ಗಣರಾಜ್ಯದ ಮದ್ದು

1793ರ ಕೊನೆಯ ಹೊತ್ತಿಗೆ ಫ್ರಾನ್ಸಿನ ಹೊಸ ಗಣರಾಜ್ಯಕ್ಕೆ ಸೈನಿಕರ ಕೊರತೆ ಇರಲಿಲ್ಲ. ಆಗಸ್ಟ್ 23ರ ಶಾಸನ ಇಡೀ ದೇಶವನ್ನೇ ಯುದ್ಧಕ್ಕೆ ಕರೆದಿತ್ತು. ಇಲ್ಲದೆ ಹೋದದ್ದು ಕೋವಿಮದ್ದು. ಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದ ಕಾಲು ಪಾಲು ಇದ್ದಿಲು ಮತ್ತು ಗಂಧಕ. ಇದ್ದಿಲನ್ನು ಎಲ್ಲಿ ಬೇಕಾದರೂ ಸುಟ್ಟುಕೊಳ್ಳಬಹುದು. ಪೆಟ್ಲುಪ್ಪಿನ ಕತೆ ಬೇರೆ. ಆ ಕಾಲದಲ್ಲಿ ಅದಕ್ಕೆ ಹೆಸರಾಗಿದ್ದದ್ದು ಬಿಹಾರದ ಪಾಟ್ನಾ ಸೀಮೆ. ಅಲ್ಲಿ ನೂನಿಯಾ ಜಾತಿಯ ಜನ ಹಳ್ಳಿಯ ಗೋಡೆಗಳ ಬುಡದಿಂದ, ದನ ಕಟ್ಟುವ ಜಾಗದಿಂದ ಉಪ್ಪು ಮೂಡಿದ ಮಣ್ಣನ್ನು ಕೆರೆದು ತಂದು, ನೀರಿನಲ್ಲಿ ಬಸಿದು, ಕಾಯಿಸಿ ಹರಳು ತೆಗೆಯುತ್ತಿದ್ದರು. ಪ್ಲಾಸಿ ಕದನದ ಮರುವರ್ಷ, 1758ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ಬಂಗಾಳದ ನವಾಬ ಮೀರ್ ಜಾಫರನಿಂದ ಬಿಹಾರದ ಪೆಟ್ಲುಪ್ಪಿನ ಏಕಸ್ವಾಮ್ಯವನ್ನೇ ಬರೆಸಿಕೊಂಡಿತು. ಅಲ್ಲಿಂದಾಚೆ ಫ್ರಾನ್ಸ್ ತನ್ನ ಮದ್ದಿಗೆ ಬಹಳಮಟ್ಟಿಗೆ ತನ್ನ ಮಣ್ಣನ್ನೇ ನಂಬಬೇಕಾಯಿತು. 1793ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಜೊತೆಗೂ ಯುದ್ಧ ಶುರುವಾದ ಮೇಲೆ ಸಮುದ್ರದ ದಾರಿಯ ಆಸೆಯೂ ಮುಗಿಯಿತು.

ಆ ಬಿಕ್ಕಟ್ಟಿನಿಂದ ಗಣರಾಜ್ಯ ಪಾರಾದದ್ದನ್ನು ಸಾಮಾನ್ಯವಾಗಿ ಹೀಗೆ ಹೇಳುತ್ತಾರೆ: ಸ್ವಾತಂತ್ರ್ಯದ ಗಾಳಿ ಬೀಸಿತು, ಪ್ರತಿಭೆ ಅರಳಿತು, ವಿಜ್ಞಾನಿಗಳು ರಾತ್ರೋರಾತ್ರಿ ಹೊಸ ವಿಧಾನಗಳನ್ನು ಕಂಡುಹಿಡಿದರು. ಕ್ರಾಂತಿಯ ನಾಯಕರೇ ಈ ಕತೆಯನ್ನು ಮೊದಲು ಕಟ್ಟಿದವರು. ಅಂದಿನ ಶಾಸನಸಭೆಯಾದ ಕನ್ವೆನ್ಷನ್ನಿನ ಮುಂದೆ ಮಂಡನೆಯಾದ ವರದಿಗಳ ತುಂಬ ಇದೇ ರಾಗ. ಆದರೆ ಪೆಟ್ಲುಪ್ಪಿನ ರಸಾಯನದಲ್ಲಿ ಆ ಎರಡು ವರ್ಷಗಳಲ್ಲಿ ಕಂಡುಹಿಡಿದದ್ದು ತೀರ ಕಡಿಮೆ. ಆ ಕಾಲ ನಿಜಕ್ಕೂ ಹೊಸದಾಗಿ ಸೃಷ್ಟಿಸಿದ್ದು ಒಂದು ಕಲಿಕೆಯ ಕ್ರಮವನ್ನು. ಕೆಲವೇ ಕಸುಬುದಾರರ, ಅಧಿಕಾರಿಗಳ ಕೈಯಲ್ಲಿದ್ದ ವಿದ್ಯೆಯನ್ನು ಒಂದು ತಿಂಗಳಲ್ಲಿ ದೇಶದ ಮೂಲೆಮೂಲೆಯ ಸಾಮಾನ್ಯನಿಗೆ ಹೇಳಿಕೊಡುವ ಕ್ರಮ ಅದು. ಫ್ರಾನ್ಸಿನ ಕ್ರಾಂತಿಯ ದೊಡ್ಡ ಆವಿಷ್ಕಾರ ಯಾವುದು ಎಂದು ಕೇಳಿದರೆ ಟೆಲಿಗ್ರಾಫ್ ಗೋಪುರ, ಯುದ್ಧಭೂಮಿಯ ಮೇಲೆ ಹಾರಿದ ಬಲೂನು, ಮೀಟರು, ಕಿಲೋಗ್ರಾಮು ಎಲ್ಲವೂ ಪಟ್ಟಿಗೆ ಬರುತ್ತವೆ. ನಾನು ಈ ಕಲಿಕೆಯ ಕ್ರಮವನ್ನು ಅವೆಲ್ಲಕ್ಕಿಂತ ಮುಂದೆ ಇಡುತ್ತೇನೆ.

ಮೊದಲು ಹಳೆಯ ಆಡಳಿತಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸಬೇಕು. ರಾಜನ ಕಾಲದಲ್ಲಿ ಪೆಟ್ಲುಪ್ಪು ತೆಗೆಯುವವರಿಗೆ ಯಾರ ಮನೆಯ ನೆಲಮಾಳಿಗೆಗೆ, ಕೊಟ್ಟಿಗೆಗೆ ಬೇಕಾದರೂ ನುಗ್ಗಿ ಅಗೆಯುವ ಹಕ್ಕಿತ್ತು. ರೈತರಿಗೆ ಅವರ ಹೆಸರೆತ್ತಿದರೆ ಆಗುತ್ತಿರಲಿಲ್ಲ. 1775ರಲ್ಲಿ ಮಂತ್ರಿ ಟ್ಯುರ್ಗೋ ಮದ್ದಿನ ಗುತ್ತಿಗೆಯನ್ನು ಖಾಸಗಿಯವರ ಕೈಯಿಂದ ಕಿತ್ತು ಸರ್ಕಾರದ ಇಲಾಖೆಗೆ ಒಪ್ಪಿಸಿದ. ಅದರ ನಾಲ್ವರು ಆಯುಕ್ತರಲ್ಲಿ ಒಬ್ಬ ಆಂತ್ವಾನ್ ಲಾವಾಸಿಯೆ, ಆಮ್ಲಜನಕಕ್ಕೆ ಹೆಸರಿಟ್ಟವನು. ಅವನು ಪ್ಯಾರಿಸ್ಸಿನ ಆರ್ಸೆನಲ್ಲಿನಲ್ಲೇ ಮನೆ ಮಾಡಿ ಅಲ್ಲೇ ಪ್ರಯೋಗಾಲಯ ಹೂಡಿದ. ಪೆಟ್ಲುಪ್ಪು ಬೆಳೆಸುವ ವಿಧಾನದ ಬಗ್ಗೆ ಕೈಪಿಡಿ ಅಚ್ಚಾಯಿತು, ವಿಜ್ಞಾನ ಅಕಾಡೆಮಿ ಬಹುಮಾನ ಸಾರಿತು. ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಅಮೆರಿಕದವರಿಗೆ ಫ್ರಾನ್ಸ್ ಮದ್ದು ಕಳಿಸುವಷ್ಟು ಉತ್ಪಾದನೆ ಏರಿತು. ಅಂದರೆ ಗಣರಾಜ್ಯದ ಕೈಗೆ ಬಂದ ಜ್ಞಾನದ ಬಹುಪಾಲು ರಾಜನ ಸಂಬಳ ತಿಂದವರು ಗಳಿಸಿಟ್ಟದ್ದು. ಆದರೆ ಆ ಜ್ಞಾನ ಇಲಾಖೆಯ ಗೋಡೆಯೊಳಗೇ ಇತ್ತು. ಕೈಪಿಡಿ ಓದಿದವರು ಓದು ಬಲ್ಲವರು. ಅಗೆಯುವ ಸಲಿಕೆ ಹಿಡಿದವನು ಬೇರೆ, ಅಗೆಸಿಕೊಂಡು ಶಪಿಸುವವನು ಇನ್ನೂ ಬೇರೆ.

1793ರ ಆಗಸ್ಟಿನಲ್ಲಿ, ಗಣರಾಜ್ಯದ ಆಡಳಿತ ನಡೆಸುತ್ತಿದ್ದ ಸಾರ್ವಜನಿಕ ರಕ್ಷಣಾ ಸಮಿತಿಗೆ ಇಬ್ಬರು ಎಂಜಿನಿಯರುಗಳು ಬಂದರು: ಲಾಜಾರ್ ಕಾರ್ನೋ ಮತ್ತು ಪ್ರಿಯರ್. ಇಬ್ಬರೂ ಮೆಜಿಯೇರ್ ಪಟ್ಟಣದ ಸೇನಾ ಎಂಜಿನಿಯರಿಂಗ್ ಶಾಲೆಯಲ್ಲಿ ಕಲಿತವರು; ಗಣಿತಜ್ಞ ಗಾಸ್ಪಾರ್ ಮೊಂಜ್ ಪಾಠ ಹೇಳುತ್ತಿದ್ದ ಶಾಲೆ ಅದು. ಯಾವ ಕೆಲಸಕ್ಕೆ ಯಾರನ್ನು ಕರೆಯಬೇಕೆಂದು ಅವರಿಗೆ ಗೊತ್ತಿತ್ತು. ಸಮಿತಿಯ ಇನ್ನೊಬ್ಬ ಸದಸ್ಯ ರೊಬೆಸ್ಪಿಯೇರನ ಭಾಷಣಗಳಷ್ಟು ಇವರ ಪತ್ರಗಳನ್ನು ಯಾರೂ ಓದುವುದಿಲ್ಲ, ಆದರೆ ಆ ವರ್ಷದ ನಾಯಕತ್ವ ಎಂದರೆ ಬಹಳಮಟ್ಟಿಗೆ ಇವರ ಮೇಜಿನ ಕೆಲಸವೇ. ಡಿಸೆಂಬರ್ 4ರ ಶಾಸನ ನಾಗರಿಕರೆಲ್ಲ ತಮ್ಮತಮ್ಮ ನೆಲಮಾಳಿಗೆಯ, ಕುದುರೆ ಲಾಯದ, ದೊಡ್ಡಿಯ ಮಣ್ಣನ್ನು ತಾವೇ ತೊಳೆದು ಪೆಟ್ಲುಪ್ಪು ತೆಗೆಯಬೇಕೆಂದು ಕರೆ ಕೊಟ್ಟಿತು. ಕೆಲಸ ನೋಡಲು ಸರಳ. ತಳಕ್ಕೆ ತೂತು ಕೊರೆದ ಪೀಪಾಯಿಗೆ ಮಣ್ಣು ತುಂಬಿ ಮೇಲಿಂದ ನೀರು ಹೊಯ್ಯಬೇಕು. ಒಂದು ಪೀಪಾಯಿಯಿಂದ ಇಳಿದ ನೀರನ್ನು ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಹೊಯ್ದಷ್ಟೂ ಅದು ಗಟ್ಟಿಯಾಗುತ್ತದೆ. ಗೋಡೆಯ ಸುಣ್ಣದಲ್ಲಿ ಹುಟ್ಟುವ ಲವಣ ಹಾಗೇ ಮದ್ದಿಗೆ ಬಾರದು, ಗಾಳಿಯ ತೇವ ಹೀರಿ ನೀರಾಗುತ್ತದೆ. ಅದಕ್ಕೆ ಮರದ ಬೂದಿಯ ತಿಳಿಯನ್ನೋ ಪೊಟ್ಯಾಷನ್ನೋ ಬೆರೆಸಬೇಕು. ಆಮೇಲೆ ಕೊಪ್ಪರಿಗೆಯಲ್ಲಿ ಕುದಿಸಿ ಆರಲು ಬಿಟ್ಟರೆ ಹರಳು ಕಟ್ಟುತ್ತದೆ. ಬೂದಿ ಎಷ್ಟು, ಕುದಿ ಯಾವಾಗ ಸಾಕು, ಅಡಿಗೆ ಕೂರುವ ಅಡುಗೆ ಉಪ್ಪನ್ನು ಯಾವ ಹೊತ್ತಿಗೆ ಬಾಚಿ ತೆಗೆಯಬೇಕು ಎನ್ನುವಲ್ಲಿ ಹೊಸಬನ ಕೈ ತಪ್ಪುತ್ತದೆ. ಇಷ್ಟನ್ನು ಕಾಗದದ ಆಜ್ಞೆ ಕಲಿಸಲಾರದು.

ಹಾಗಾಗಿ ಸಮಿತಿ ಪ್ರತಿ ಜಿಲ್ಲೆಯಿಂದ ಇಬ್ಬರು ಗಟ್ಟಿಮುಟ್ಟಾದ, ಚುರುಕಾದ ಯುವಕರನ್ನು ಪ್ಯಾರಿಸ್ಸಿಗೆ ಕರೆಸಿತು. ಸುಮಾರು 800 ಜನ ಬಂದರು. 1794ರ ಫೆಬ್ರವರಿ 19ರಂದು ಪಾಠ ಶುರು. ಹತ್ತು ದಿನಕ್ಕೊಂದು ವಾರ ಎಂಬ ಹೊಸ ಪಂಚಾಂಗದ ಲೆಕ್ಕದಲ್ಲಿ ಮೂರು ವಾರ. ವಿಷಯಗಳೂ ಮೂರು, ಪೆಟ್ಲುಪ್ಪು, ಮದ್ದು, ಫಿರಂಗಿ ಎರಕ. ಪಾಠ ಹೇಳಿದವರಲ್ಲಿ ಗೀಟನ್, ಫುರ್ಕ್ರುವಾ, ಬೆರ್ತೊಲೆ, ಮೊಂಜ್ ಇದ್ದರು, ಅಂದರೆ ಯುರೋಪಿನ ಮೊದಲ ಸಾಲಿನ ವಿದ್ವಾಂಸರು. ವಿದ್ಯಾರ್ಥಿಗಳು ತೋಪು ಸಿಡಿಸುವ ದಳದಿಂದ ಬಂದವರು, ಅಕಾಡೆಮಿಯ ಮೆಟ್ಟಿಲು ತುಳಿಯದವರು. ಪಾಠದ ಸಾರವನ್ನು ಅಚ್ಚು ಹಾಕಿ ಹಂಚಿದರು, ಕಾರ್ಖಾನೆಗಳಿಗೆ ಕರೆದೊಯ್ದು ತೋರಿಸಿದರು. ಮಾರ್ಚ್ 20ರಂದು ತಾವೇ ತಯಾರಿಸಿದ ಪೆಟ್ಲುಪ್ಪನ್ನು ಹೊತ್ತು ಮೆರವಣಿಗೆಯಲ್ಲಿ ಕನ್ವೆನ್ಷನ್ನಿಗೆ ಹೋಗಿ ಒಪ್ಪಿಸಿ ಅವರು ಊರುಗಳಿಗೆ ಮರಳಿದರು. ಮೆರವಣಿಗೆ ನಾಟಕವೇ, ಒಪ್ಪೋಣ. ಆ ವರ್ಷದ ಪ್ಯಾರಿಸ್ಸಿನಲ್ಲಿ ಮೆರವಣಿಗೆ ಇಲ್ಲದೆ ಯಾವ ಕೆಲಸವೂ ನಡೆಯುತ್ತಿರಲಿಲ್ಲ. ಗಮನಿಸಬೇಕಾದದ್ದು ಲೆಕ್ಕಾಚಾರವನ್ನು. ಮೂವತ್ತು ದಿನ ಕಲಿತ ಒಬ್ಬನು ಊರಿಗೆ ಹೋಗಿ ನೂರು ಜನಕ್ಕೆ ಪೀಪಾಯಿಯ ಪಕ್ಕದಲ್ಲಿ ನಿಂತು ತೋರಿಸಬಲ್ಲ ಎಂದು ಸರ್ಕಾರವೊಂದು ಯೋಚಿಸಿದ್ದು, ಅದಕ್ಕಾಗಿ ದೇಶದ ಅತ್ಯುತ್ತಮ ತಲೆಗಳನ್ನು ಮೇಷ್ಟ್ರ ಕೆಲಸಕ್ಕೆ ಹಚ್ಚಿದ್ದು ಹೊಸತು.

ಇದಕ್ಕೆ ಎದುರಾಗುವ ಮೊದಲ ಆಕ್ಷೇಪ ಲಾವಾಸಿಯೆಯದೇ. 1787ರಲ್ಲಿ ರಸಾಯನಶಾಸ್ತ್ರಕ್ಕೆ ಹೊಸ ಹೆಸರುಗಳ ಪದ್ಧತಿಯನ್ನು ಕೊಟ್ಟವರು ನಾಲ್ವರು: ಲಾವಾಸಿಯೆ, ಗೀಟನ್, ಬೆರ್ತೊಲೆ, ಫುರ್ಕ್ರುವಾ. 1794ರ ಫೆಬ್ರವರಿಯಲ್ಲಿ ಅವರಲ್ಲಿ ಮೂವರು ಪೆಟ್ಲುಪ್ಪಿನ ಪಾಠ ಹೇಳುತ್ತಿದ್ದಾಗ ನಾಲ್ಕನೆಯವನು ಜೈಲಿನಲ್ಲಿದ್ದ. ರಾಜನ ಕಾಲದಲ್ಲಿ ಅವನು ತೆರಿಗೆ ವಸೂಲಿಯ ಗುತ್ತಿಗೆದಾರನೂ ಆಗಿದ್ದ. ಮೇ 8ರಂದು ಇತರ ತೆರಿಗೆ ಗುತ್ತಿಗೆದಾರರ ಜೊತೆ ಅವನ ತಲೆ ಗಿಲೊಟಿನ್ನಿಗೆ ಹೋಯಿತು. ಮದ್ದಿನ ವಿದ್ಯೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನನ್ನೇ ಕೊಂದ ಸರ್ಕಾರವನ್ನು ವಿದ್ಯೆಯ ಪೋಷಕ ಎನ್ನುವುದು ಹೇಗೆ? ಗಣರಾಜ್ಯಕ್ಕೆ ವಿದ್ವಾಂಸರು ಬೇಡ ಎಂದು ನ್ಯಾಯಾಧೀಶನೇ ಹೇಳಿದನೆಂಬ ಪ್ರಸಿದ್ಧ ಮಾತಿಗೆ ಆಧಾರವಿಲ್ಲ. ಅವನನ್ನು ಕೊಂದದ್ದು ತೆರಿಗೆ ಗುತ್ತಿಗೆಯವನೆಂದು, ರಸಾಯನಶಾಸ್ತ್ರಜ್ಞನೆಂದಲ್ಲ. ಆದರೆ ಈ ಸಮಜಾಯಿಷಿ ನನಗೆ ಸಾಲದು. ಗೆಳೆಯರ ಮೌನ ಕಣ್ಣಿಗೆ ರಾಚುತ್ತದೆ, ಅದರ ಬಗ್ಗೆ ದೂರು ಅಂದಿನಿಂದಲೂ ಇದೆ. ಈ ಸಾವಿನಿಂದ ನನ್ನ ವಾದ ಬೀಳುವುದಿಲ್ಲ, ಅದಕ್ಕೊಂದು ಕರಾಳ ಅಂಚು ಬರುತ್ತದೆ ಅಷ್ಟೆ. ಜ್ಞಾನವನ್ನು ಸಾವಿರ ಕೈಗಳಿಗೆ ಹಂಚುವ ಸರ್ಕಾರಕ್ಕೆ ಯಾವ ಒಬ್ಬನೂ ಅನಿವಾರ್ಯ ಎನ್ನಿಸುವುದಿಲ್ಲ. ಹಂಚುವ ಔದಾರ್ಯವೂ ಕೊಲ್ಲುವ ನಿರಾಳತೆಯೂ ಅಲ್ಲಿ ಅಕ್ಕಪಕ್ಕದಲ್ಲೇ ಇದ್ದವು. ಸೋಡಾ ಮಾಡುವ ವಿಧಾನಕ್ಕೆ 1791ರಲ್ಲಿ ಪೇಟೆಂಟ್ ಪಡೆದಿದ್ದ ನಿಕೊಲಾ ಲೆಬ್ಲಾಂಕನ ಪಾಡೂ ಇದೇ ಜಾತಿಯದು. ಪೊಟ್ಯಾಷೆಲ್ಲ ಪೆಟ್ಲುಪ್ಪಿಗೆ ಬೇಕಾದ್ದರಿಂದ ಗಾಜಿಗೂ ಸಾಬೂನಿಗೂ ಸೋಡಾ ಬೇಕಾಯಿತು. ಅವನಿಗೆ ಬಂಡವಾಳ ಕೊಟ್ಟಿದ್ದ ಒರ್ಲಿಯನ್ಸ್ ಡ್ಯೂಕನ ತಲೆ ಉರುಳಿ ಕಾರ್ಖಾನೆ ಜಪ್ತಿಯಾಗಿತ್ತು. ಸಮಿತಿ ಅವನ ಗುಟ್ಟನ್ನು ಅಚ್ಚು ಹಾಕಿಸಿ ಎಲ್ಲರ ಮುಂದಿಟ್ಟಿತು. ಮುಂದೆ ಯುರೋಪಿನ ರಾಸಾಯನಿಕ ಉದ್ಯಮ ನಿಂತದ್ದೇ ಆ ವಿಧಾನದ ಮೇಲೆ. ಲೆಬ್ಲಾಂಕ್ 1806ರಲ್ಲಿ ಬಡತನದಲ್ಲಿ ಆತ್ಮಹತ್ಯೆ ಮಾಡಿಕೊಂಡ.

ಎರಡನೆಯ ಆಕ್ಷೇಪ ಫಲಿತಾಂಶದ್ದು. ಅವಸರದಲ್ಲಿ ಕಲಿತವರು ತೆಗೆದ ಪೆಟ್ಲುಪ್ಪಿನಲ್ಲಿ ಕಸವೇ ಹೆಚ್ಚು, ಸರ್ಕಾರ ಸಾರಿದ ಅಂಕಿಗಳು ಉಬ್ಬಿದ್ದವು ಎನ್ನುತ್ತಾರೆ. ನಿಜವಿರಬಹುದು, ತಮ್ಮ ಸಾಧನೆಯನ್ನು ತಾವೇ ಎಣಿಸಿದವರ ಲೆಕ್ಕವನ್ನು ನಾನೂ ಪೂರ್ತಿ ನಂಬುವುದಿಲ್ಲ. ಅವಸರಕ್ಕೆ ತೆತ್ತ ಬೆಲೆ ಇನ್ನೂ ಘೋರ. ಪ್ಯಾರಿಸ್ಸಿನ ಸೇಂಟ್ ಜೆರ್ಮೇನ್ ಮಠದಲ್ಲಿ ಹೂಡಿದ್ದ ಶುದ್ಧೀಕರಣ ಕೇಂದ್ರಕ್ಕೆ 1794ರ ಆಗಸ್ಟಿನಲ್ಲಿ ಬೆಂಕಿ ಬಿದ್ದು ಮಠದ ಪುಸ್ತಕ ಭಂಡಾರ ಸುಟ್ಟಿತು. ಅದೇ ತಿಂಗಳ 31ರಂದು ಗ್ರೆನೆಲ್ ಮದ್ದಿನ ಕಾರ್ಖಾನೆ ಸ್ಫೋಟಗೊಂಡು ನೂರಾರು ಕಾರ್ಮಿಕರು ಸತ್ತರು. ಅಲ್ಲಿ ಹಳೆಯ ಒನಕೆಗಳ ಬದಲು ತಿರುಗುವ ಪೀಪಾಯಿಗಳಲ್ಲಿ ಕಂಚಿನ ಗುಂಡುಗಳನ್ನು ಹಾಕಿ ಮದ್ದು ಅರೆಯುತ್ತಿದ್ದರು. ಅದರಿಂದ ಹೊತ್ತು ಬಹಳ ಉಳಿಯುತ್ತಿತ್ತು. ಕಲಿಕೆಯನ್ನು ತಿಂಗಳಿಗೆ ಇಳಿಸಬಹುದು, ಮದ್ದಿನ ಮುಂದೆ ಇರಬೇಕಾದ ಎಚ್ಚರ ತಿಂಗಳಿಗೆ ಇಳಿಯುವುದಿಲ್ಲ. ಇಷ್ಟಾದರೂ ಗಣರಾಜ್ಯದ ಸೈನ್ಯಗಳು 1794ರ ಉದ್ದಕ್ಕೂ ಹೋರಾಡಿದವು, ಜೂನಿನಲ್ಲಿ ಫ್ಲೂರಸ್ ಕದನ ಗೆದ್ದವು. ಪಾಟ್ನಾದ ಉಪ್ಪಿಲ್ಲದೆ ಅವು ಸಿಡಿಸಿದ ಮದ್ದು ಎಲ್ಲಿಂದಲೋ ಬಂದಿರಲೇಬೇಕು.

ಇದೆಲ್ಲ ಯುದ್ಧದ ಒತ್ತಡ, ಕ್ರಾಂತಿಗೇಕೆ ಶ್ರೇಯಸ್ಸು ಎಂಬ ಪ್ರಶ್ನೆ ಇನ್ನೂ ಗಂಭೀರ. ಉತ್ತರಕ್ಕೆ ಅದೇ ಕಾಲದ ಮೈಸೂರನ್ನು ನೋಡಬೇಕು. ಶ್ರೀರಂಗಪಟ್ಟಣಕ್ಕೂ ಬ್ರಿಟನ್ನೇ ಶತ್ರು, ಫ್ರಾನ್ಸಿಗಿಂತ ಹತ್ತಿರದ ಒತ್ತಡ. ಸಾಮಗ್ರಿಯ ವಿಷಯದಲ್ಲಿ ಮೈಸೂರು ಮುಂದೆಯೇ ಇತ್ತು. ಕಬ್ಬಿಣದ ಕೊಳವೆಯ ರಾಕೆಟ್ಟುಗಳು 1780ರ ಪೊಳ್ಳಿಲೂರು ಕದನದಲ್ಲೇ ಕಂಪನಿಯ ಸೈನ್ಯವನ್ನು ಕಂಗೆಡಿಸಿದ್ದವು. ಟಿಪ್ಪುವಿಗೆ ತಂತ್ರಜ್ಞಾನದ ಹಸಿವೂ ಇತ್ತು: 1788ರಲ್ಲಿ ಅವನ ರಾಯಭಾರಿಗಳು ವರ್ಸೈಗೆ ಹೋಗಿ ಹದಿನಾರನೆಯ ಲೂಯಿಯನ್ನು ಕಂಡಾಗ ಸೈನ್ಯದ ನೆರವಿನ ಜೊತೆಗೆ ಕುಶಲಕರ್ಮಿಗಳನ್ನೂ ಕೇಳಿದರು, ಕೆಲವರನ್ನು ಕರೆತಂದರು. ವ್ಯತ್ಯಾಸ ಇಲ್ಲಿಯೇ. ಅರಸ ಕಸುಬುದಾರನನ್ನು ತರಿಸಿಕೊಳ್ಳುತ್ತಾನೆ, ಚೆನ್ನಾಗಿ ನೋಡಿಕೊಳ್ಳುತ್ತಾನೆ, ಅವನ ವಿದ್ಯೆ ಕಾರ್ಖಾನೆಯಲ್ಲಿ ಉಳಿಯುತ್ತದೆ. 1799ರಲ್ಲಿ ಅರಸ ಬಿದ್ದಾಗ ಕಾರ್ಖಾನೆಯೂ ಚದುರಿತು. ರಾಕೆಟ್ಟಿನ ಮುಂದಿನ ಬೆಳವಣಿಗೆ ಇಂಗ್ಲೆಂಡಿನ ವೂಲಿಚ್‌ನಲ್ಲಿ, ವಿಲಿಯಂ ಕಾಂಗ್ರೀವನ ಹೆಸರಿನಲ್ಲಿ ನಡೆಯಿತು. ಇಲ್ಲಿ ಉಳಿದದ್ದು 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯಿಂದ ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಮೇಲೆ ಬಂತು, ಕೊಳವೆಗಳಲ್ಲಿ ಮದ್ದು ಇನ್ನೂ ಮೆತ್ತಿಕೊಂಡಿತ್ತು. ಟಿಪ್ಪುವಿನದು ಸಣ್ಣ ದೃಷ್ಟಿ ಎಂದು ಇದರ ಅರ್ಥವಲ್ಲ. ಜಿಲ್ಲೆಗೆ ಇಬ್ಬರನ್ನು ಕರೆಸಿ ಆಯುಧದ ಗುಟ್ಟು ಕಲಿಸಿ ಊರಿಗೆ ಕಳಿಸಲು ಯಾವ ಅರಸನಿಗೂ ಧೈರ್ಯ ಬರುವುದಿಲ್ಲ. ಬ್ರಿಟನ್ನಿನ ದೊರೆಗೂ ಬರಲಿಲ್ಲ, ಅವನಿಗೆ ಪಾಟ್ನಾ ಇತ್ತು. ಪ್ರಜೆಯೇ ರಾಜ್ಯ ಎಂದು ಒಮ್ಮೆ ಸಾರಿಕೊಂಡ ಸರ್ಕಾರಕ್ಕೆ ಮಾತ್ರ ಮದ್ದಿನ ವಿದ್ಯೆಯನ್ನು ಪ್ರಜೆಯಿಂದ ಮುಚ್ಚಿಡಲು ಕಾರಣ ಉಳಿಯಲಿಲ್ಲ.

ಪೆಟ್ಲುಪ್ಪಿನ ಪಾಠದ ಅಚ್ಚನ್ನೇ ಇಟ್ಟುಕೊಂಡು ಮುಂದಿನ ಸಂಸ್ಥೆಗಳು ಎದ್ದವು. 1794ರ ಕೊನೆಯಲ್ಲಿ ಮೊಂಜ್ ಮತ್ತು ಗೆಳೆಯರು ತೆರೆದ ಶಾಲೆ ಮೂರು ತಿಂಗಳ ಕ್ಷಿಪ್ರ ಪಾಠದಿಂದಲೇ ಶುರುವಾಯಿತು. ಮರುವರ್ಷ ಅದಕ್ಕೆ ಇಕೋಲ್ ಪಾಲಿಟೆಕ್ನಿಕ್ ಎಂಬ ಹೆಸರು ಬಂತು. ಉಪಾಧ್ಯಾಯರನ್ನು ತಯಾರಿಸಲು 1795ರ ಜನವರಿಯಲ್ಲಿ ತೆರೆದ ಇಕೋಲ್ ನಾರ್ಮಾಲ್ ಅದೇ ಉಪಾಯವನ್ನು ನಕಲು ಮಾಡಿ ಎಡವಿತು. ದೇಶದ ಎಲ್ಲ ಕಡೆಯಿಂದ ಬಂದಿದ್ದ ಸುಮಾರು 1,400 ಜನರ ತಲೆಯ ಮೇಲಿಂದ ಪಾಠ ಹಾದುಹೋಗಿ ಮೇ ತಿಂಗಳಿಗೆ ಬಾಗಿಲು ಮುಚ್ಚಿತು. ಅಲ್ಲಿ ಪೀಪಾಯಿಯೂ ಇರಲಿಲ್ಲ, ಕೊಪ್ಪರಿಗೆಯೂ ಇರಲಿಲ್ಲ, ಬರೀ ಮಾತು. ಪಾಲಿಟೆಕ್ನಿಕ್ ಬದುಕಿತು. ಅದರಲ್ಲಿ ಸೀಟು ಸಿಗುತ್ತಿದ್ದದ್ದು ಪರೀಕ್ಷೆಯಿಂದ, ವಿದ್ಯಾರ್ಥಿಗಳಿಗೆ ಸಂಬಳವೂ ಇತ್ತು. 1804ರಲ್ಲಿ ನೆಪೋಲಿಯನ್ ಅವರನ್ನು ಸಮವಸ್ತ್ರ ತೊಡಿಸಿ ಬ್ಯಾರಕ್ಕಿಗೆ ಸೇರಿಸಿದ, ಮರುವರ್ಷ ಸಂಬಳ ನಿಲ್ಲಿಸಿ ಶುಲ್ಕ ಹೇರಿದ.