ಚಪ್ಪಟೆ ಕೇಬಲ್ಲಿನ ಕಾಲ



ಅರಕೇರಾದ ರೈತರು ದೇವದುರ್ಗದ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟು ಕಂಪ್ಯೂಟರ್ ಪಹಣಿ ಪಡೆದ ದಿನಗಳು ನಿಮ್ಮ ಹಿರಿಯರಿಗೆ ನೆನಪಿರಬಹುದು. 2002ರ ಹೊತ್ತಿಗೆ 'ಭೂಮಿ' ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದ್ದವು. ಆ ಕಾಲದ ಯಂತ್ರಗಳಲ್ಲಿ ಮಾಹಿತಿ ಎಷ್ಟು ವೇಗವಾಗಿ ಸಾಗುತ್ತಿತ್ತು?

ಲೆಕ್ಕಕ್ಕೆ 1000 ಎಂಬಿ ಇಟ್ಟುಕೊಳ್ಳಿ. ಫ್ಲಾಪಿಯ ವೇಗ ಸೆಕೆಂಡಿಗೆ 62.5 ಕೆಬಿ. ಸುಮಾರು 700 ಫ್ಲಾಪಿಗಳು ಬೇಕು. ಅವನ್ನು ಬದಲಿಸುವ ಹೊತ್ತು ಬಿಟ್ಟರೂ ನಾಲ್ಕು ಗಂಟೆ ಮೀರುತ್ತದೆ! 1998ರ ಯುಎಸ್‌ಬಿ 1.1ಕ್ಕೆ 11 ನಿಮಿಷ, 2000ದ ಯುಎಸ್‌ಬಿ 2.0ಕ್ಕೆ 17 ಸೆಕೆಂಡು. ಇವೆಲ್ಲ ಕಾಗದದ ಮೇಲಿನ ಗರಿಷ್ಠ ವೇಗ. ಬಳಕೆಯಲ್ಲಿ ಇನ್ನೂ ನಿಧಾನ.

ಪೆಟ್ಟಿಗೆಯ ಮೇಲೆ 480 ಎಂದಿದ್ದರೆ ಹಿಗ್ಗಬೇಡಿ. ಅದು ಮೆಗಾಬಿಟ್, 8ರಿಂದ ಭಾಗಿಸಿದರೆ 60 ಮೆಗಾಬೈಟ್. 2003ರಲ್ಲಿ ಬಂದ ಸಾಟಾದ 1500 ಮೆಗಾಬಿಟ್ಟನ್ನು ಮಾತ್ರ 10ರಿಂದ ಭಾಗಿಸಬೇಕು. ಏಕೆಂದರೆ ಅದು ಪ್ರತಿ 8 ಬಿಟ್ಟನ್ನು 10 ಬಿಟ್ಟಾಗಿ ಕಳಿಸುತ್ತದೆ. ಹಾಗಾಗಿ ಸಿಗುವುದು 150.

ಅದಕ್ಕೂ ಮೊದಲಿದ್ದ ಐಡಿಇಯ ಕೊನೆಯ ಮಟ್ಟ 133. ಅದರ ಚಪ್ಪಟೆ ಕೇಬಲ್ಲಿನಲ್ಲಿ 80 ತಂತಿ, ಉದ್ದದ ಮಿತಿ 46 ಸೆಂಟಿಮೀಟರ್. ಹಲವು ತಂತಿಗಳಲ್ಲಿ ಒಟ್ಟಿಗೆ ಹೊರಟ ಬಿಟ್ಟುಗಳು ವೇಗ ಹೆಚ್ಚಿದಂತೆ ಒಟ್ಟಿಗೆ ತಲುಪುವುದು ಕಷ್ಟ. ಸಾಟಾ ಅವನ್ನು ಒಂದರ ಹಿಂದೊಂದು ಕಳಿಸಿತು. ಆದರೂ ಕೊಂಡವರಿಗೆ ಹೆಚ್ಚೇನೂ ಲಾಭವಾಗಲಿಲ್ಲ ಎನ್ನಬೇಕು. ಅಂದಿನ ಸಾಮಾನ್ಯ ಡಿಸ್ಕಿನ ತಟ್ಟೆಯೇ ಸೆಕೆಂಡಿಗೆ 60 ಎಂಬಿ ದಾಟುತ್ತಿದ್ದುದು ಅಪರೂಪ.

ನಿಮ್ಮ ಶಾಲೆಯ ಹಳೆಯ ದಾಖಲೆಗಳಿರುವ ಹಾರ್ಡ್ ಡಿಸ್ಕನ್ನು ಗುಜರಿಗೆ ಕೊಡುವ ಮುನ್ನ ಹಿಂಬದಿ ನೋಡಿ. ಎರಡು ಸಾಲು ಪಿನ್ನುಗಳಿದ್ದರೆ ಅದು ಐಡಿಇ. ಇಂದಿನ ಕಂಪ್ಯೂಟರಿನಲ್ಲಿ ಅದಕ್ಕೆ ಜಾಗವಿಲ್ಲ. ಯುಎಸ್‌ಬಿ ಅಡಾಪ್ಟರ್ ತಂದು, ಡಿಸ್ಕ್ ತಿರುಗುತ್ತಿರುವಾಗಲೇ ನಕಲು ಮಾಡಿಕೊಳ್ಳಿ.