ಮದ್ದಿಗಿಂತ ಮೊದಲು ಬಂದ ಪರೀಕ್ಷೆ

ಮಧುಗಿರಿಯ ದಂಡಿನ ಮಾರಮ್ಮನನ್ನು ನಮ್ಮ ಸೀಮೆಯಲ್ಲಿ ಅರಿಯದವರಿಲ್ಲ. ಬೇನೆಯನ್ನು ದೇವಿಯ ಮುನಿಸೆಂದು ನಂಬಿದ್ದ ಕಾಲದಲ್ಲಿ ಜನ ಸಿಡುಬನ್ನೂ ‘ಅಮ್ಮ’ನೆಂದೇ ಕರೆದರು, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ನಂಬಿಕೆ ಹೇಗೇ ಇರಲಿ, ರೋಗವನ್ನು ಬಚ್ಚಿಡಲಿಲ್ಲ. ಎಚ್‌.ಐ.ವಿ.ಗೆ ಆ ಭಾಗ್ಯವೂ ಇಲ್ಲವಾಯಿತು. 1997ರಲ್ಲಿ ಮಂಡ್ಯ ಜಿಲ್ಲೆಯ ಮೆಣಸಿಕ್ಯಾತನಹಳ್ಳಿಯಲ್ಲಿ ಉಪಾಧ್ಯಾಯರೊಬ್ಬರು ‘ಏಡ್ಸಮ್ಮ’ನ ಗುಡಿ ಕಟ್ಟಿಸಬೇಕಾಯಿತು, ಜನ ಆ ಹೆಸರನ್ನಾದರೂ ಆಡಲೆಂದು.

ಈ ಮೌನಕ್ಕೆ ನಾಚಿಕೆಯೊಂದೇ ಕಾರಣವೆನ್ನುವುದು ಅರ್ಧ ಮಾತು. 1986ರಲ್ಲಿ ಮದರಾಸಿನ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅವರು ಸಂಗ್ರಹಿಸಿದ ರಕ್ತವನ್ನು ವೆಲ್ಲೂರಿನಲ್ಲಿ ಪರೀಕ್ಷಿಸಿದಾಗ ಭಾರತದಲ್ಲಿ ಈ ಸೋಂಕು ಇರುವುದು ಮೊದಲು ತಿಳಿಯಿತು. ಸರಕಾರ ಉಚಿತವಾಗಿ ಔಷಧ ಕೊಡತೊಡಗಿದ್ದು 2004ರ ಏಪ್ರಿಲ್ 1ರಂದು. ನಡುವಿನ 18 ವರ್ಷ ಬಡವನ ಪಾಲಿಗೆ ರಕ್ತಪರೀಕ್ಷೆಯೆಂಬುದು ಬರಿಯ ಶಿಕ್ಷೆಯ ತೀರ್ಪು. ಅದನ್ನು ಕೇಳಲು ತಾನಾಗಿ ಯಾರು ಹೋದಾರು?

ಶಿರಾದ ಕಡೆಯವರು ಹೆದ್ದಾರಿಯನ್ನು ದೂರುತ್ತಾರೆ. 1687ರ ಅನಂತರ ಮೊಗಲರ ಸುಬಾದ ಕೇಂದ್ರವಾಗಿದ್ದ ಊರದು. ಅಂದು ದಂಡು, ಇಂದು ಬೆಂಗಳೂರು–ಪುಣೆಯ ಲಾರಿಗಳು. ಆದರೆ ಲಾರಿಯವನ ಮೇಲೆ ತಪ್ಪು ಹೊರಿಸಿ ಕೊರಟಗೆರೆಯ ಗೃಹಸ್ಥ ತಾನು ಕ್ಷೇಮವೆಂದು ಕೊಂಡರೆ ಅದು ಸಲ್ಲದು. ಸೋಂಕು ಕಸುಬು ನೋಡುವುದಿಲ್ಲ: ನಿರೋಧ್ ಬಳಸದ ಸಂಭೋಗ, ಸೋಂಕಿನ ರಕ್ತ, ಹಂಚಿಕೊಂಡ ಸೂಜಿ, ತಾಯಿಯ ಗರ್ಭ, ಹೆರಿಗೆ, ಎದೆಹಾಲು, ಇವೇ ಅದರ ದಾರಿ. ಒಂದೇ ಲೋಟದಲ್ಲಿ ಕುಡಿದರೆ, ಸೊಳ್ಳೆ ಕಚ್ಚಿದರೆ ಬರುವುದಿಲ್ಲ. ದುಡಿಯಲು ಪರವೂರಿಗೆ ಹೋದ ಗಂಡನಿಂದ ಏನೂ ಅರಿಯದ ಹೆಂಡತಿಗೆ ಬರಬಹುದು. ಬೈಗುಳ ಮಾತ್ರ ಅವಳಿಗೇ!

ಪರೀಕ್ಷೆಯ ಮರ್ಮ ತಿಳಿದವರು ಕಡಮೆ. ಅದು ಸಾಮಾನ್ಯವಾಗಿ ಹುಡುಕುವುದು ವೈರಾಣುವಿಗೆ ಎದುರಾಗಿ ದೇಹ ಹುಟ್ಟಿಸುವ ಪ್ರತಿಕಾಯವನ್ನು. ಅದು ಕಾಣಿಸಲು ಕೆಲವು ವಾರ, ಒಮ್ಮೊಮ್ಮೆ ಮೂರು ತಿಂಗಳು ಹಿಡಿಯುತ್ತದೆ. ಆದ್ದರಿಂದ ಮರುದಿನವೇ ಓಡಿಹೋಗಿ ‘ಇಲ್ಲ’ವೆನಿಸಿಕೊಂಡವನು ಅವಧಿ ಕಳೆದ ಮೇಲೆ ಮತ್ತೆ ಹೋಗಬೇಕು. ‘ಇದೆ’ ಎನ್ನಲು ಒಂದು ಪರೀಕ್ಷೆ ಸಾಲದು. ಬೇರೆ ಬೇರೆ ಮೂರು ಪರೀಕ್ಷೆಗಳು ಒಂದೇ ಮಾತು ಹೇಳಬೇಕು.

ಈಗ ಮದ್ದುಂಟು. ಅದನ್ನು ತಪ್ಪದೆ ನುಂಗಿ ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ತಗ್ಗಿದವರಿಂದ ಸಂಗಾತಿಗೆ ಸಂಭೋಗದ ಮೂಲಕ ಸೋಂಕು ತಗಲುವುದಿಲ್ಲ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಕಾಯಿದೆ, ಒಪ್ಪಿಗೆಯಿಲ್ಲದೆ ಪರೀಕ್ಷಿಸಬಾರದು, ಫಲಿತಾಂಶವನ್ನು ಹೊರಗೆಡಹಬಾರದು ಎನ್ನುತ್ತದೆ. ಆದರೂ ಪಾವಗಡದವರು ಮಧುಗಿರಿಗೆ, ಮಧುಗಿರಿಯವರು ತುಮಕೂರಿಗೆ ಹೋಗಿ ಗುಟ್ಟಾಗಿ ರಕ್ತ ಕೊಡುವರೆಂದು ಕೇಳುತ್ತೇನೆ. ಹೋಗಲಿ, ಬಸ್ಸಿನ ಖರ್ಚಷ್ಟೆ. ಸರಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಗೂ ಮದ್ದಿಗೂ ಕಾಸಿಲ್ಲ.